ಜಾಡಿಯಲ್ಲಿ ಹಿಡಿಯದ್ದು

ಎಸ್ಟೋನಿಯಾದ ಹೀಉಮಾ ದ್ವೀಪದಲ್ಲಿ ಹೋಟೆಲಿನ ಹೆಲ್ವೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ

ಬೂಟು ಅಲ್ಲೇ ಬಿಡು ತಾರ್ವೋ, ಒಳಗೆ ಬಾ.
ಮೊದಲು ಇದು ಉಣ್ಣೆಯ ಗಿರಣಿ,
ಆಮೇಲೆ ಸರಕಾರದ ಉಗ್ರಾಣ, ಆಮೇಲೆ ಬರೀ ಪಾರಿವಾಳ.
ಈಗ ಹದಿನಾಲ್ಕು ಕೋಣೆ.
ಗೋಡೆಗೆ ಕಿವಿಯಿಟ್ಟು ಕೇಳು. ಏನೂ ಕೇಳಿಸದು.
ಒಣಗಿದ ಕಡಲಪಾಚಿ ತುಂಬಿದೆ ಅದರೊಳಗೆ.
ಬಿರುಗಾಳಿ ದಡಕ್ಕೆಸೆದು ಹೋದದ್ದನ್ನು
ಬಿರುಗಾಳಿಗೇ ಅಡ್ಡ ಇಟ್ಟಿದ್ದೇನೆ.

ಮೊದಲು ಬಟ್ಟೆಯ ಪಾಠ.
ಈ ಹಾಸು ನೋಡು, ಏಳನೇ ಕೋಣೆಯದು,
ನಡುವೆ ಸವೆದು ಬೆಳಕು ಬಿಡುತ್ತಿದೆ.
ಉದ್ದಕ್ಕೆ ಸೀಳು, ಅಂಚುಗಳನ್ನು ತಂದು ನಡುವಿಗೆ ಹೊಲಿ.
ಯಾರ ಮೈಯೂ ತಾಗದ ಬದಿ
ಇನ್ನು ಮೇಲೆ ಭಾರ ಹೊರಲಿ.
ಅದೂ ಹರಿದರೆ ದಿಂಬಿನ ಚೀಲ,
ಆಮೇಲೆ ಊಟದ ಕೈವಸ್ತ್ರ,
ಆಮೇಲೆ ಕಿಟಕಿ ಒರೆಸುವ ಚಿಂದಿ,
ಕೊನೆಗೆ... ಊಹ್ಞೂಂ, ಕೊನೆಗೆ ಅನ್ನಬಾರದು ಇಲ್ಲಿ.
ನೆಂದು ನಾರಾಗಿ, ಒಣಗಿ ಕಾಗದವಾಗಿ
ಬಿಲ್ಲಿನ ಹಾಳೆಯಾಗುತ್ತದೆ.

ಹತ್ತು ವರ್ಷದ ಹಿಂದೆ ಮದುವೆಯಾದ ಹೊಸತರಲ್ಲಿ ಬಂದಿದ್ದಾಕೆ
ಹೋದ ವಾರ ಒಬ್ಬಳೇ ಬಂದಳು.
ಅಂದು ಮಲಗಿದ್ದ ಬಟ್ಟೆಯ ಮೇಲೇ
ಸಹಿ ಹಾಕಿ, ಹಣ ಕೊಟ್ಟು ಹೋದಳು.
ನಾನು ಹೇಳಲಿಲ್ಲ.
ನೀನೂ ಹೇಳಬೇಡ.

ಅಡುಗೆಮನೆ ಲೆಹ್ತೆಯದು, ಅಲ್ಲಿ ನನ್ನ ಮಾತೂ ನಡೆಯದು.
ಕಪ್ಪು ರೊಟ್ಟಿ ಕೈತಪ್ಪಿ ಬಿದ್ದರೆ
ಎತ್ತಿ ಮುತ್ತಿಡು. ನಗಬೇಡ.
ನಮ್ಮಜ್ಜಿಯರು ಹಾಗೆ ಮಾಡುತ್ತಿದ್ದರು.
ಉಣ್ಣುವವರನ್ನು ಕಂಡರೆ ‘ಯಾತ್ಕು ಲೇಯ್ಬಾ’ ಅನ್ನುತ್ತಿದ್ದರು,
ರೊಟ್ಟಿ ಮುಗಿಯದಿರಲಿ ಅಂತ.
ಹರಕೆ ಅವರದು, ದುಡಿಮೆ ನಮ್ಮದು:
ಮಿಕ್ಕ ಚೂರು ನೆನೆದು, ಹುಳಿಯೆದ್ದು, ಕುಡಿಯುವ ಕಾಲಿ;
ಅದರ ಗಸಿ ಎಂಡೆಲ್‌ನ ಹಂದಿಗೆ;
ಹಂದಿಯ ಗೊಬ್ಬರ ರೈ ಹೊಲಕ್ಕೆ.
ಎಂಡೆಲ್ ರಸೀದಿ ಕೇಳುವುದಿಲ್ಲ,
ಚಳಿಗಾಲದ ಹಬ್ಬಕ್ಕೆ ಒಂದು ತೊಡೆ ಕಳಿಸುತ್ತಾನೆ.

ಸೌನಾದ ಬೂದಿಯಿಂದ ಸಾಬೂನು ಮಾಡುತ್ತೇವೆ,
ಯಾವ ಕೊಬ್ಬಿನಿಂದ ಅಂತ
ಊಟದ ಹೊತ್ತಲ್ಲಿ ವಿವರಿಸಬೇಡ.

ತಾಲಿನ್‌ನಿಂದ ಒಬ್ಬ ಬಂದಿದ್ದ, ಕೊರಳಲ್ಲಿ ಗುರುತಿನ ಚೀಟಿ.
ಹಾಳೆಯ ಮೇಲೆ ದುಂಡಗೆ ಒಂದು ವೃತ್ತ ಬರೆದ,
ಸುತ್ತ ಬಾಣಗಳನ್ನಿಟ್ಟ, ಹಸಿರು ಶಾಯಿಯಲ್ಲಿ.
‘ಎಲ್ಲೂ ಸೋರುವುದಿಲ್ಲ ತಾನೆ?’ ಅಂದ.
ನಾನು ಜಾಡಿ ತಂದು ಅವನ ಮುಂದಿಟ್ಟೆ.
ಒಂದು ಕಾಲಕ್ಕೆ ಸೌತೆಕಾಯಿಯ ಉಪ್ಪಿನಕಾಯಿ ಇದ್ದದ್ದು.
ಈಗ ಯಾವುದಕ್ಕೂ ಬಾರದ್ದು ಇದೆ:
ಕಣ್ಣಿನ ಲೆನ್ಸುಗಳ ಪುಟ್ಟ ಬಟ್ಟಲು,
ಮಾತ್ರೆ ತೆಗೆದ ಮೇಲೆ ಉಳಿದ ಹೊಳೆವ ಹಾಳೆ,
ಬೆರಳಿನ ಗಾಯದ ಪಟ್ಟಿ,
ಯಾವುದೋ ಮಗುವಿನ ಹಾಡುವ ಬಾತುಕೋಳಿ, ಹಾಡು ನಿಂತದ್ದು,
ಒಂದು ಮದುವೆಯ ಮಿಂಚುಪುಡಿ. ಅದಂತೂ
ಮೂರು ವರ್ಷವಾದರೂ ನೆಲದ ಸಂದಿಯಲ್ಲಿ ಸಿಗುತ್ತಲೇ ಇದೆ.
ವರ್ಷಕ್ಕೊಂದು ಜಾಡಿ.
ಮೊದಲ ವರ್ಷ ದೋಣಿಯೇ ಬೇಕಾಗಿತ್ತು.

ಒಳಗಿಡಿ, ಯಾರಾದರೂ ನೋಡಿಯಾರು ಅಂದ ಅವನು.
ಕೀಲಿಕೈಗಳ ಪಕ್ಕದಲ್ಲೇ ಇಟ್ಟಿದ್ದೇನೆ.
ಕೇಳಿದವರಿಗೆ ಹೇಳು: ಇದು ನಾವು ಸೋತದ್ದು.

ಅಗೋ, ಹಡಗು ಕೂಗಿತು.
ಇವತ್ತು ನಮಗೆ ಒಂಬತ್ತು ಜನ.
ಕೈಗಾಡಿ ತೆಗೆದುಕೊಂಡು ಹೋಗು, ದಾರಿಯಲ್ಲಿ ಜುನಿಪರ್ ಪೊದೆ ಚುಚ್ಚೀತು.
ಪೆಟ್ಟಿಗೆ ಇಳಿಸಿಕೊ, ನಗುನಗುತ್ತ ಮಾತಾಡಿಸು.
ಅವರ ಬೆನ್ನ ಹಿಂದೆ, ಹಡಗಿನ ಕೊಳವೆಯಿಂದ
ಆಕಾಶಕ್ಕೆ ಕಪ್ಪನೆ ಗೆರೆಯೊಂದು ಎದ್ದಿರುತ್ತದೆ.
ಅವರು ನನ್ನ ಬಳಿಗೆ ಬಂದದ್ದರ ಗೆರೆ.
ಅದನ್ನು ಹಿಡಿಯುವ ಜಾಡಿ
ನನ್ನ ಹತ್ತಿರ ಇಲ್ಲ.

ಬೂಟು ಹಾಕಿಕೊ.