ಎಲೆಯ ಅಡಿ

ಬಾವಿಕಟ್ಟೆಯ ಸಿಮೆಂಟು ಒಡೆದಲ್ಲಿ
ಒಂದು ಗಿಡ ಹುಟ್ಟಿದೆ. ನಾನು ನೆಟ್ಟದ್ದಲ್ಲ.
ಬೋಳಾರದ ಈ ಗೇಣು ಅಂಗಳದಲ್ಲಿ
ನಾನು ನೆಟ್ಟದ್ದು ಒಂದು ಬಸಳೆ ಬಳ್ಳಿ, ಒಂದು ಜಾಜಿ;
ಉಳಿದದ್ದೆಲ್ಲ ತಾನಾಗಿ ಬಂದು ಕೂತದ್ದು,
ಬೆಕ್ಕೂ ಸೇರಿ.

ಗೋಡೆಯಾಚೆಯಿಂದ ಸೆವ್ರಿನ್ ಬಾಯಿ:
"ಕಳೆ ಅದು, ಕಿತ್ತು ಬಿಸಾಡು ಮಾರಾಯ್ತಿ."

ಬಗ್ಗಿದೆ.
ಮೂವತ್ತೊಂದು ವರ್ಷ ಬೀಡಿ ಎಲೆ ಕತ್ತರಿಸಿದ ಬೆರಳು,
ಕಣ್ಣಿಗಿಂತ ಮೊದಲು ಇದಕ್ಕೆ ಗೊತ್ತಾಗುತ್ತದೆ
ಯಾವುದು ಸುರುಳಿಗೆ ಒಗ್ಗುತ್ತದೆ, ಯಾವುದು ಸೀಳುತ್ತದೆ ಅಂತ.
ಇದರಲ್ಲಿ ಸುತ್ತುವುದಕ್ಕೆ ಎಂತದೂ ಇಲ್ಲ.
ಹುಣಸೆ ಚಿಗುರಿನ ಹಾಗೆ ಎರಡು ಸಾಲು,
ಒಂದೊಂದೂ ಮಗುವಿನ ಉಗುರಿನಷ್ಟು.

ತುದಿ ಚಿವುಟಿದೆ. ಹಾಲು ಬರಲಿಲ್ಲ.
ಬಂದಿದ್ದರೆ ಅದು ಬೇರೆ ಜಾತಿ, ಬಾಯಿಗಿಡುವುದಲ್ಲ.
ದಂಟು ನೋಡಿದೆ: ಹಸಿರು.
ಕೆಂಪು ದಂಟಿನದ್ದೊಂದು ಉಂಟು, ಇದರ ದಾಯಾದಿ,
ಮುಖ ಅದೇ, ಗುಣ ನನಗೆ ಗೊತ್ತಿಲ್ಲ.
ಆಮೇಲೆ ಕಡ್ಡಿ ಮಗುಚಿದೆ.
ಎಲೆಯ ಅಡಿಯಲ್ಲಿ, ಸಾಲು ತಪ್ಪದೆ,
ಸಾಸಿವೆಯಷ್ಟು ಸಾಸಿವೆಯಷ್ಟು ಕಾಯಿ,
ಸೆರಗಿನ ಒಳಬದಿಗೆ ಯಾರೋ ಹೊಲಿದು ಅಡಗಿಸಿದ ಹಾಗೆ.

ಒಂದೆಲೆ ನಾಲಗೆಗಿಟ್ಟೆ.
ಕಹಿ. ಕಹಿಯ ಹಿಂದೆ ಒಗರು.
ಒಗರಿನ ಹಿಂದೆ ಮಜ್ಜಿಗೆ.

ಮಜ್ಜಿಗೆ ಎಲ್ಲಿಂದ ಬಂತು?

ಬೆಂಗ್ರೆಯಿಂದ.
ಬಂದರಿನ ದಕ್ಕೆಯಲ್ಲಿ ಮೊದಲ ದೋಣಿ, ಖಾಲಿ ಹೊಟ್ಟೆ,
ನನಗೆ ಹನ್ನೊಂದು, ಕಣ್ಣು ಮಾಗಿದ ಕದಳಿಯ ಬಣ್ಣ,
ಅಮ್ಮನ ಸೆರಗಲ್ಲಿ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ.
ಹಣ ಮುಟ್ಟುವವಳಲ್ಲ ಬಾಗಿಯಕ್ಕ.
ಅರೆಯುವ ಕಲ್ಲು ಒಳಗೆ, ನಾವು ಹೊರಗೆ;
ಕಲ್ಲಿನ ಸದ್ದು ಮಾತ್ರ ಕೇಳುತ್ತಿತ್ತು.
ಬಾಗಿಲಿಗೆ ಬರುವಾಗ ಗಿಡ ಗಿಡವಾಗಿರಲಿಲ್ಲ,
ಅಡಿಕೆ ಗಾತ್ರದ ಹಸಿರು ಉಂಡೆ,
ಕಂಚಿನ ಲೋಟದಲ್ಲಿ ಮಜ್ಜಿಗೆಗೆ ಬಿದ್ದು ಕರಗುತ್ತಿತ್ತು.
"ಎಂತ ಸೊಪ್ಪು ಅಕ್ಕ?" ಅಂದಳು ಅಮ್ಮ.
"ಹೆಸರು ಹೇಳಿದರೆ ಮದ್ದು ಹಿಡಿಯುವುದಿಲ್ಲ."

ಮೂರು ಮಂಗಳವಾರ.
ಉಪ್ಪಿಲ್ಲ, ಎಣ್ಣೆಯಿಲ್ಲ, ಮೀನಿನ ಹೆಸರೆತ್ತುವ ಹಾಗಿಲ್ಲ.
ಪಕ್ಕದ ಮನೆಯಲ್ಲಿ ಬಂಗುಡೆ ಕಾಯಿಸುವಾಗ
ಕಿವಿ ಮುಚ್ಚಿಕೊಂಡು ಅಳುತ್ತಿದ್ದೆ,
ಮೂಗು ಮುಚ್ಚಬೇಕೆಂದು ತೋಚಿರಲಿಲ್ಲ.
ನಡುವೆ ಅಪ್ಪ ಅಮ್ಮನಿಗೆ ಹೇಳದೆ
ವೆನ್ಲಾಕ್ ಆಸ್ಪತ್ರೆಗೂ ಕರೆದುಕೊಂಡು ಹೋದ,
ಅಲ್ಲಿ ಬಾಟಲಿ ಏರಿಸಿದರು.
ಕಾಮಾಲೆ ಇಳಿಯಿತು.
ಯಾರು ಇಳಿಸಿದ್ದೆಂದು ಅವರಿಬ್ಬರು
ಸಾಯುವವರೆಗೂ ಒಪ್ಪಂದಕ್ಕೆ ಬರಲಿಲ್ಲ.
ನನಗೆ ಬಂಗುಡೆ ಸಿಕ್ಕಿತು. ನಾನು ಕೇಳಲು ಹೋಗಲಿಲ್ಲ.

ಗಿಡ ಕೀಳಲಿಲ್ಲ.
ಸಂಜೆ ಆರಕ್ಕೆ ಅದು ಎಲೆ ಮಡಚುತ್ತದೆ,
ಬ್ರಾಂಚಿನವನು ಬೀಡಿ ಲೆಕ್ಕ ಮುಗಿಸಿ
ಪುಸ್ತಕ ಮುಚ್ಚುವ ಹಾಗೆ, ನನ್ನ ಕಡೆ ನೋಡದೆ.

ಮೊನ್ನೆ ಸೆವ್ರಿನ್ ಬಾಯಿ ಗೇಟು ದಾಟಿ ಒಳಗೇ ಬಂದಳು.
"ನಮ್ಮ ಎಲ್ಟನ್‌ನ ಕಣ್ಣು ಸ್ವಲ್ಪ ಹಳದಿ ಕಾಣ್ತದೆ.
ನಿನ್ನ ಹತ್ತಿರ ಎಂತದೋ ಮದ್ದು ಉಂಟಂತೆ."
ಮೊದಲು ರಕ್ತ ಕೊಡಿಸು ಅಂದೆ,
ಡಾಕ್ಟರರ ಚೀಟಿ ಬರಲಿ,
ಅವರು ಬೇಡ ಅಂದರೆ ಬೇಡ.
ಆಮೇಲೂ ಬೇಕಿದ್ದರೆ ಬೆಳಿಗ್ಗೆ ಬಾ, ಖಾಲಿ ಹೊಟ್ಟೆಯಲ್ಲಿ,
ಮಜ್ಜಿಗೆ ನೀನೇ ತಾ.

"ಯಾವ ಗಿಡ ಅದು?"
ಬಾಯಿ ತೆರೆದೆ. ಬಾಗಿಯಕ್ಕ ಬಂದು ನಾಲಗೆಯ ಮೇಲೆ ಕೂತಳು.
ಬಾವಿಕಟ್ಟೆಗೆ ಕರೆದುಕೊಂಡು ಹೋಗಿ
ಕಡ್ಡಿ ಮಗುಚಿ ತೋರಿಸಿದೆ, ಅಷ್ಟೇ.
ಸೆವ್ರಿನ್ ಬಾಯಿ ಕನ್ನಡಕ ಏರಿಸಿದಳು,
ಇಳಿಸಿದಳು,
"ಭುಂಯ್ ಆವಾಳೊ!" ಅಂದಳು,
"ಜೆಜು, ನಮ್ಮ ಅಜ್ಜಿ ಇದನ್ನೇ..."

ಭುಂಯ್ ಅಂದರೆ ನೆಲ.
ಇನ್ನೊಂದು ಅರ್ಧ ನೀವೇ ಹೇಳಿಕೊಳ್ಳಿ,
ನಾನು ಹೇಳಿದ್ದಲ್ಲ.