ಏಳು ಸೆಕೆಂಡು

ಹಲ್ ಊರಿನ ಫೋನ್ ಗೂಡುಗಳು ಕೆಂಪಲ್ಲ, ಕೆನೆಬಣ್ಣ.
ಅವುಗಳೊಳಗೆ ಈಗ ಹೆಚ್ಚು ಯಾರೂ ಮಾತಾಡುವುದಿಲ್ಲ.
ಮಾತೆಲ್ಲ ನನ್ನ ಮೇಜಿಗೆ ಬರುತ್ತದೆ,
ನಗರಸಭೆಯ ಮೂರನೇ ಮಹಡಿಗೆ, ರೆಕಾರ್ಡಾಗಿ,
ಕೆಮ್ಮು, ಟೀವಿ, ಕುದಿಯುವ ಕೆಟಲು ಸಮೇತ.

ಏನು ಕೆಲಸ ಅಂದವರಿಗೆ
ಬಾಗಿಲು ಮಾಡುತ್ತೇನೆ ಅನ್ನುತ್ತೇನೆ.
ಮರವಿಲ್ಲ, ತಿರುಗಣೆಯಿಲ್ಲ,
ಬರೀ ಒಂದು ಹೆಂಗಸಿನ ದನಿ, ಅದರಾಚೆ ಆರು ಕೋಣೆ.

ಆ ದನಿ ಗ್ಲೆನಿಸ್ ಪ್ರಾಸರ್ ಅವರದು.
ಸ್ವಾನ್ಸಿಯ ಮನೆಯಲ್ಲಿ ಕೋಟುಗಳ ಕಪಾಟಿನೊಳಗೆ ಕೂತು
ಸೊನ್ನೆಯಿಂದ ಒಂಬತ್ತನ್ನು ಮೂರು ಬಗೆಯಲ್ಲಿ ಓದಿಕೊಟ್ಟರು:
ಮೊದಲಿಗೆ ಬರುವ ನಾಲ್ಕು, ನಡುವಿನ ನಾಲ್ಕು,
ವಾಕ್ಯ ಮುಗಿಸಿ ಮೆಟ್ಟಿಲಿಳಿಯುವ ನಾಲ್ಕು.
‘ಕ್ಷಮಿಸಿ, ಅರ್ಥವಾಗಲಿಲ್ಲ’ ಎಂಬುದನ್ನು
ಹದಿನಾಲ್ಕು ಸಲ ಓದಿಸಿದೆ.
ಹದಿನೈದನೆಯದರಲ್ಲಿ ತಪ್ಪು ನಮ್ಮದೇ ಅನ್ನಿಸಿತು.
ಅದನ್ನು ಇಟ್ಟುಕೊಂಡೆ.

ನಾನು ಬರುವ ಮುಂಚೆ ಪಟ್ಟಿ ಹೀಗಿತ್ತು:
ಒಂದನ್ನು ಒತ್ತಿ, ತೆರಿಗೆಯಾದರೆ.
ಎರಡನ್ನು ಒತ್ತಿ, ಬಾಡಿಗೆಯಾದರೆ.
ಮೂರನ್ನು ಒತ್ತಿ, ಕಂದು ಡಬ್ಬಿಯ ಕಸ ಎತ್ತದಿದ್ದರೆ.
ಸಂಗತಿ ಬರುವ ತನಕ ಕಿವಿ ಅಂಕಿ ಹಿಡಿದು ನಿಂತಿರಬೇಕು,
ಬೊಗಸೆಯಲ್ಲಿ ನೀರು ಹಿಡಿದಂತೆ.
ಇದು ಕಷ್ಟ ಎನ್ನಲು ಇಲ್ಲಿ ನಲವತ್ತು ಪುಟದ ವರದಿ ಬೇಕಾಯಿತು.
ನಮ್ಮಲ್ಲಿ ಕ್ರಿಯಾಪದ
ಕೊನೆಯ ಪಂಕ್ತಿಯಲ್ಲಿ ಉಣ್ಣುವ ಯಜಮಾನ.
ಕಸ ಎತ್ತಿಲ್ಲವೇ? ಮೂರು ಒತ್ತಿ.
ಮೊದಲು ನೋವು, ಆಮೇಲೆ ಬೆರಳು.

‘ಗಮನವಿಟ್ಟು ಕೇಳಿ, ನಮ್ಮ ಪಟ್ಟಿ ಬದಲಾಗಿದೆ.’
ಹನ್ನೊಂದು ವರ್ಷದಿಂದ ಬದಲಾಗಿರಲಿಲ್ಲ. ಕಿತ್ತೆ.
‘ನಿಮ್ಮ ಕರೆ ನಮಗೆ ಅಮೂಲ್ಯ.’
ಅಮೂಲ್ಯವಾದದ್ದನ್ನು ಯಾರಾದರೂ
ಇಪ್ಪತ್ತು ನಿಮಿಷ ಹೊಸ್ತಿಲಾಚೆ ನಿಲ್ಲಿಸುತ್ತಾರೆಯೇ? ಅದನ್ನೂ ಕಿತ್ತೆ.
ಸೊನ್ನೆ ಒತ್ತಿದರೆ ಮನುಷ್ಯರು ಸಿಗುತ್ತಾರೆ ಎಂದು
ಮೊದಲ ಉಸಿರಲ್ಲೇ ಹೇಳಿಸಿದೆ.
ಹಣಕಾಸಿನ ಕ್ಲೈವ್ ಒಂದು ವಾರ ನನ್ನ ಜೊತೆ ಚಹಾ ಕುಡಿಯಲಿಲ್ಲ.

ಈ ವರ್ಷ ಯಂತ್ರಕ್ಕೆ ಕಿವಿ ಬಂತು.
ಒತ್ತುವುದೇ ಬೇಡ, ಹೇಳಿದರೆ ಸಾಕು.

ನಾರ್ಮನ್ ಓಗ್ಲಿ, ಹೆಸಲ್ ರಸ್ತೆ, ಎಪ್ಪತ್ತೆಂಟು,
ಮೀನು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದಾತ.
ಯಾವ ವಿಷಯ, ಒಂದೆರಡು ಮಾತಲ್ಲಿ ಹೇಳಿ.
‘ಬ’, ಅಂದ.
ನಾಲ್ಕು ಸೆಕೆಂಡು.
ಕ್ಷಮಿಸಿ, ಅರ್ಥವಾಗಲಿಲ್ಲ,
ಅದೇ ಹದಿನೈದನೆಯ ಸೌಜನ್ಯ.
‘ಬ.’ ಕ್ಷಮಿಸಿ. ‘ಬ, ಬ.’ ಕ್ಷಮಿಸಿ. ನಮಸ್ಕಾರ.
ಒಂಬತ್ತು ದಿನ, ಒಂಬತ್ತು ಕರೆ, ಒಂದೇ ಅಕ್ಷರ.
ಹತ್ತನೆಯ ದಿನ ಅದೇ ನಂಬರಿನಿಂದ ಪಕ್ಕದ ಮನೆಯಾಕೆ
ತಡವರಿಸದೆ ಹೇಳಿದಳು:
ಬಾತ್‌ರೂಮಿಗೆ ಒಂದು ಹಿಡಿಕೆ ಬೇಕಿತ್ತು.

ಸೊನ್ನೆ ಇತ್ತಲ್ಲ, ಅಂದ ಕ್ಲೈವ್.
ಇತ್ತು. ನಾರ್ಮನನದು ಚಕ್ರ ತಿರುಗಿಸುವ ಫೋನು.
ಒತ್ತಲು ಅದರಲ್ಲಿ ಏನೂ ಇಲ್ಲ.

ಹತ್ತು ಸೆಕೆಂಡು ಕೊಡಿ ಅಂದೆ. ಐದು ಅಂದ.
ವರ್ಷಕ್ಕೆ ಎಷ್ಟು ಪೌಂಡು ಗೊತ್ತೇ, ಬರೀ ಸುಮ್ಮನಿರುವುದಕ್ಕೆ?
ಸೊಪ್ಪಿನ ಗಾಡಿಯೆದುರು ನಿಂತಂತೆ ಚೌಕಾಸಿ ನಡೆಯಿತು.
ಏಳಕ್ಕೆ ಒಪ್ಪಿದ.

ಪರೀಕ್ಷೆಗೆ ನಾರ್ಮನನ್ನೇ ಕರೆಸಿದೆವು.
ಗಾಜಿನ ಕೋಣೆ, ಒಂದು ಫೋನು, ಬಿಸ್ಕತ್ತಿನ ತಟ್ಟೆ,
ಇಸ್ತ್ರಿ ಮಾಡಿದ ಅಂಗಿಯಲ್ಲಿ ಆತ.
‘ಬ.’
ಮೂರು. ನಾಲ್ಕು. ಹಿಂದಿನ ವಾರ ಇಲ್ಲಿಗೆ ಮುಗಿಯುತ್ತಿತ್ತು.
ಐದು. ಗಾಜಿನ ಈಚೆ
ಕ್ಲೈವನ ತುಟಿ ತಾನಾಗಿ ಕೂಡಿ ‘ಬ’ ಆಗಿತ್ತು,
ತೆರೆಯಲು ಕಾಯುತ್ತಿತ್ತು.
ಆರು ದಾಟಿ ಅರ್ಧ.
‘ಬಾತ್‌ರೂಮ್.’

ಬಾತ್‌ರೂಮ್ ಅಂದಿರಿ. ಸರಿಯೇ? ಕೇಳಿದರು ಗ್ಲೆನಿಸ್.
‘ಥ್ಯಾಂಕ್ಸ್, ಲವ್’ ಅಂದ ನಾರ್ಮನ್,
ಒಂದೇ ಉಸಿರಿಗೆ, ಎಲ್ಲೂ ಎಡವದೆ.

ಅದಕ್ಕೆ ಉತ್ತರ
ನಾವು ಬರೆದೇ ಇರಲಿಲ್ಲ.