ನಾಲ್ಕು ಬೆರಳು ಕಮ್ಮಿ

ತಬಾಸ್ಕಿ ಹಬ್ಬದ ಹಿಂದಿನ ರಾತ್ರಿ
ಡಾಕಾರಿನ ನಮ್ಮ ಓಣಿಯಲ್ಲಿ ದರ್ಜಿಗಳು ಮಲಗುವುದಿಲ್ಲ.
ಕಟ್ಟಿಹಾಕಿದ ಟಗರುಗಳೂ ಮಲಗುವುದಿಲ್ಲ;
ಅವಕ್ಕೆ ಬೇರೆ ಕಾರಣ.

ಕರೆಂಟು ಹೋಗಿ ಎರಡು ತಾಸು.
ನನಗಾಗ ಹನ್ನೊಂದು. ಬಿರಾಮ್ ಮೇಸ್ತ್ರಿಯ ಹತ್ತಿರ ನನ್ನ ಕೆಲಸ
ಗುಂಡಿ ಹಚ್ಚುವುದು, ಚಹಾ ಕಾಯಿಸುವುದು,
ಇದ್ದಿಲ ಇಸ್ತ್ರಿಪೆಟ್ಟಿಗೆಯ ಬಾಯಿಗೆ ಊದುವುದು.

ರೊಖಾಯಾ ಸೆಕ್‌ಳ ನೀಲಿ ಅಂಗಿ,
ಗಂಜಿ ಹಾಕಿ, ಕೊಡತಿಯಿಂದ ಬಡಿದು ಬಡಿದು
ಗಾಜಿನ ಹೊಳಪು ತಂದ ಬಟ್ಟೆ.
ಎಡತೋಳಿನ ಮೇಲೆ ಪೆಟ್ಟಿಗೆಯಿಟ್ಟು ತೂಕಡಿಸಿದೆ.
ಎಷ್ಟು ಹೊತ್ತು? ಒಂದು ಟಗರು
ಎರಡು ಸಲ ಕೂಗುವಷ್ಟು.

ವಾಸನೆಗೆ ಮೇಸ್ತ್ರಿ ಎದ್ದು ಬಂದ.
ಹೊಡೆಯಲಿಲ್ಲ, ಹೊಡೆಯಲು ಪುರುಸೊತ್ತಿರಲಿಲ್ಲ.
ಸುಟ್ಟದ್ದನ್ನು ಕತ್ತರಿಸಿದ, ಅಂಚು ಮಡಿಸಿದ,
ನೀಲಿ ದಾರ ಮುಗಿದಿತ್ತೆಂದು
ಬಿಳಿಯದೇ ಎರಡು ಸಾಲು ಓಡಿಸಿದ.
ಎಡತೋಳು ಬಲತೋಳಿಗಿಂತ ನಾಲ್ಕು ಬೆರಳು ಕಮ್ಮಿ.

ಬೆಳಿಗ್ಗೆ ರೊಖಾಯಾ
ನಮ್ಮಿಬ್ಬರ ವಂಶವನ್ನೂ ಜಾಲಾಡಿದಳು.
ಬೇರೆ ಅಂಗಿ ಇರಲಿಲ್ಲ. ತೊಟ್ಟಳು.
ಎಡಗೈಯನ್ನು ಸೊಂಟದ ಹಿಂದೆ, ಶಾಲಿನ ಮಡಿಕೆಯಲ್ಲಿ ಬಚ್ಚಿಟ್ಟು
ತಲೆಯೆತ್ತಿ ನಡೆದಳು, ಸಿಟ್ಟಿಗೆ.
ಸಿಟ್ಟೆಂದು ನಮಗೆ ಗೊತ್ತು.
ನೋಡಿದವರಿಗೆ ಗೊತ್ತಿಲ್ಲವಲ್ಲ.

ಹಬ್ಬ ಕಳೆದ ಆರನೇ ದಿನ
ಅವಳ ನಾದಿನಿಯ ಗೆಳತಿ ಬಂದಳು:
"ರೊಖಾಯಾಗೆ ಹೊಲಿದಿರಲ್ಲ, ಹಾಗೆ."
ಮೇಸ್ತ್ರಿ ನನ್ನ ಮುಖ ನೋಡಿದ.
ನಾನು ಸೂಜಿಯ ಕಣ್ಣು ನೋಡಿದೆ.
ಸುಡದ ತೋಳನ್ನು ಮೊದಲ ಸಲ
ಬೇಕಂತಲೇ ಕತ್ತರಿಸುವಾಗ ಅವನ ಕೈ ನಡುಗಿತು.

ಆಮೇಲೆ ಮೀನು ಮಾರುವವಳು. ಅವಳಿಂದ ಬಂದರಿನ ಇಡೀ ಸಾಲು.
ಆಮೇಲೆ ಯಾರಿಂದ ಯಾರಿಗೆ ಎಂದು ಕೇಳಬೇಡಿ;
ನೆಗಡಿ ಯಾರು ಕೊಟ್ಟರೆಂದು ಮೂಗಿಗೆ ಗೊತ್ತೆ?

ಥಿಯೆಸ್‌ಗೆ ಬಸ್ಸಿನಲ್ಲಿ ಹೋಯಿತು,
ಕಾವ್ಲಾಕ್‌ಗೆ ಕಡಲೆಕಾಯಿ ಲಾರಿಯಲ್ಲಿ,
ಗಡಿ ದಾಟಿ ಗ್ಯಾಂಬಿಯಾಕ್ಕೆ
ಯಾವಳೋ ಮದುಮಗಳ ಟ್ರಂಕಿನಲ್ಲಿ.
ತೋಳು ಹೋದಷ್ಟು ಬೇಗ ಅರ್ಥ ಹೋಗುವುದಿಲ್ಲವಾಗಿ
ಒಂದೊಂದು ಊರೂ ತನ್ನದನ್ನು ತಾನೇ ಹೊಲಿದುಕೊಂಡಿತು.
ಬಳೆ ಕಾಣಲಿ ಎಂದರು ಥಿಯೆಸ್‌ನವರು.
ದೋಣಿ ಹತ್ತಿ ಹೋಗಿ ಮುಳುಗಿದ ಅಣ್ಣತಮ್ಮಂದಿರ ನೆನಪಿಗೆ
ಎಂದರು ಇನ್ನೊಂದು ಕಡೆ.
ಗಡಿಯಾಚೆ, ಗಂಡನಿಗೆ ಹೆದರದವಳ ಗುರುತಂತೆ.
ಒಬ್ಬ ಇಮಾಮರು ಶುಕ್ರವಾರ ಬೈದರು.
ಶನಿವಾರ ನಮ್ಮಲ್ಲಿ ಹದಿನೇಳು ಆರ್ಡರು.

ತಮಾಷೆ ತೋಳಿನದಲ್ಲ, ಕೈಯದು.
ಹುಡುಗಿಯರು ಎಡಗೈಯನ್ನು ಸೊಂಟದ ಹಿಂದೆ
ಮರೆಸಿಕೊಂಡೇ ನಡೆಯತೊಡಗಿದರು.
ತೋರಿಸಲೆಂದು ಕತ್ತರಿಸಿದ್ದು,
ಕತ್ತರಿಸಿದ್ದನ್ನೇ ಮುಚ್ಚುವುದು!
ರೊಖಾಯಾಳ ಅವಮಾನ, ಅವಳ ಒಂದು ಬೆಳಗಿನ ಸಿಟ್ಟು
ಅವಳ ಹೆಸರೂ ಕೇಳದವರ ಮೈಯಲ್ಲಿ ಬಳುಕುತ್ತಿತ್ತು.

ಅವಳೋ, ಆ ಅಂಗಿ ಮತ್ತೆ ತೊಡಲಿಲ್ಲ.
"ಕಂಡಕಂಡವರೆಲ್ಲ ಹಾಕ್ತಾರೆ, ಅಸಹ್ಯ," ಎಂದು
ಎರಡು ದಿಂಬಿಗೆ ಗವಸು ಮಾಡಿಸಿದಳು,
ನಮ್ಮಲ್ಲೇ, ದುಡ್ಡು ಕೊಡದೆ.

ಬಿರಾಮ್ ಹೋಗಿ ಒಂಬತ್ತು ವರ್ಷ. ಮಿಷನ್ನು ಈಗ ನನ್ನದು.
ಮೊನ್ನೆ ಒಬ್ಬ ಹುಡುಗಿ, ಫೋನಿನಲ್ಲೊಂದು ಚಿತ್ರ ಹಿಡಿದು:
"ಇದು ಅಬಿಜಾನ್ ಕಡೆಯ ಹಳೇ ಶೈಲಿ, ಈಗ ಮತ್ತೆ ಬಂದಿದೆ.
ನಿಮಗೆ ಬರುತ್ತಾ?
ನಾಲ್ಕೇ ಬೆರಳು, ಬಿಳಿ ದಾರ ಎರಡು ಸಾಲು.
ಇಲ್ಲಿನವರು ಯಾರೂ ಸರಿಯಾಗಿ ಮಾಡಲ್ಲ."

ಬಾಯಿತುದಿಗೆ ಬಂದಿತ್ತು:
ಮಗಳೇ, ಅದು ನನ್ನ ನಿದ್ದೆ.
"ನೋಡೋಣ, ಪ್ರಯತ್ನಿಸ್ತೀನಿ," ಅಂದೆ.

ಬಿರಾಮನ ಬೆರಳು ದಪ್ಪ, ನನ್ನವು ಸಪೂರ.
ಅವನ ಲೆಕ್ಕ ನೆನೆಯುತ್ತ ಒಂದು ಕೂದಲೆಳೆ ಸೇರಿಸಿಯೇ ಕತ್ತರಿಸಿದೆ.

ಕನ್ನಡಿಯ ಮುಂದೆ ತಿರುಗಿದಳು,
ಕೈ ಹಿಂದಕ್ಕೆ ಮರೆಸಿದಳು,
ಮೂಗು ಮುರಿದಳು:
"ಹತ್ತಿರ ಹತ್ತಿರ ಬಂದಿದೆ.
ಆದರೆ ಅದಲ್ಲ."